ಮೆಚ್ಚಲಿಕ್ಕೂ ಮಂಡಿ ಬಗ್ಗಬೇಕು: ಪುಟ್ಟ ಯುದ್ಧರೈಲು ನೋಡುವವರಿಗೆ ಹದಿಮೂರು ಸೂತ್ರ

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಮಳೆ ಹಿಡಿದ ಒಂದು ಶನಿವಾರ ಹೊತ್ತು ಹೋಗದೆ, ಎಂಟು ವರ್ಷದ ಮೊಮ್ಮಗನ ಕೈಹಿಡಿದು ಆ ಸಣ್ಣ ಊರಿನ ಸಮುದಾಯ ಭವನಕ್ಕೆ ನಡೆದೆ. ಒಳಗೆ ಮಾದರಿ ರೈಲುಗಳ ಪ್ರದರ್ಶನ. ಮೇಜುಗಳ ತುಂಬ ಹಸಿರು ಗುಡ್ಡ, ಕೆಂಪು ಹೆಂಚು, ಥಳಥಳ ಹೊಳೆಯುವ ಎಂಜಿನ್ನುಗಳು. ಮೂಲೆಯ ಮೇಜೊಂದರ ಮೇಲೆ ಮಾತ್ರ ನಾಲ್ಕು ಮೀಟರ್ ಉದ್ದದ ಕೆಸರು. 1917ರ ಫ್ಲಾಂಡರ್ಸ್, ಮೊದಲ ಮಹಾಯುದ್ಧದ ಪಶ್ಚಿಮ ರಣರಂಗ. ದೊಡ್ಡ ರೈಲಿನಿಂದ ಗುಬ್ಬಚ್ಚಿ ರೈಲಿಗೆ ಮದ್ದುಗುಂಡು ಇಳಿಸುತ್ತಿರುವ ತಾಣ.

ಜನ ಬರುತ್ತಿದ್ದರು, "ಅಬ್ಬಾ" ಅನ್ನುತ್ತಿದ್ದರು, ಫೋನಿನಲ್ಲಿ ಒಂದು ಚಿತ್ರ ಹಿಡಿದು ಮುಂದೆ ಹೋಗುತ್ತಿದ್ದರು. ನಾನೂ ಅಷ್ಟೇ ಮಾಡಿದೆ. ಅರ್ಧ ಗಂಟೆ ಸುತ್ತಾಡಿ ತಿರುಗಿ ಬಂದರೆ ಹುಡುಗ ಅಲ್ಲಿಂದ ಕದಲಿರಲಿಲ್ಲ. ಮೇಜಿನ ಅಂಚಿಗೆ ಗಲ್ಲ ಊರಿ ನಿಂತಿದ್ದ. "ಅಜ್ಜ, ಆ ಗಾಡಿ ತುಂಬಿದೆ, ಈ ಗಾಡಿ ಖಾಲಿ" ಅಂದ. ಎರಡರ ಮೇಲೂ ಟಾರ್ಪಾಲು ಮುಚ್ಚಿತ್ತು. ಹೇಗೆ ಗೊತ್ತಾಯಿತೋ ಅಂತ ಕೇಳಿದ್ದಕ್ಕೆ "ನೋಡು" ಅಂದ, ಅಷ್ಟೇ. ಆಮೇಲೆ ಎರಡು ಗಂಟೆ ಆ ಮೇಜಿನ ಪಕ್ಕ ಕಳೆದು ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಮೊದಲು ಮಂಡಿ ಬಗ್ಗಿಸಿ

ನಿಂತುಕೊಂಡು ನೋಡಿದರೆ ನಿಮ್ಮ ಕಣ್ಣು ಆ ನೆಲದಿಂದ ಸುಮಾರು ಎರಡಡಿ ಮೇಲಿರುತ್ತದೆ. ಮಾದರಿಯ ಲೆಕ್ಕದಲ್ಲಿ ಅದು ಏಳಂತಸ್ತಿನ ತಾರಸಿ. ತಾರಸಿಯಿಂದ ಬಗ್ಗಿ ನೋಡಿದವನಿಗೆ ಯುದ್ಧವೂ ಸಂತೆಯೂ ಒಂದೇ ತರ ಕಾಣುತ್ತವೆ. ಆ ನೆಲದ ಮೇಲೆ ನಿಂತ ಪುಟ್ಟ ಸಿಪಾಯಿಯ ಕಣ್ಣಿರುವುದು ನೆಲದಿಂದ ಬರೀ ನಾಲ್ಕೂವರೆ ಸೆಂಟಿಮೀಟರ್ ಎತ್ತರದಲ್ಲಿ. ನಿಮ್ಮ ಕಣ್ಣನ್ನು ಅಲ್ಲಿಗೆ ಇಳಿಸಿ, ಒಂದನ್ನು ಮುಚ್ಚಿ. ಗಾಡಿಗಳು ತಟ್ಟನೆ ತಲೆಯೆತ್ತರ ಬೆಳೆದು ನಿಲ್ಲುತ್ತವೆ, ಭವನದ ಟ್ಯೂಬ್‌ಲೈಟು ಮೋಡದ ಬೆಳಕಾಗುತ್ತದೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವಲ್ಲ, ಮಾದರಿಗಳನ್ನು ಜರಡಿ ಹಿಡಿಯುವುದಕ್ಕೆ ಆ ಮಾತೇ ಸಾಕು. ಸಾಧಾರಣ ಕೆಲಸ ಹತ್ತಿರ ಹೋದಮೇಲೂ ನುಣ್ಣಗೇ ಇರುತ್ತದೆ. ಒಳ್ಳೆಯದು ಹೋದಷ್ಟೂ ತರಿತರಿಯಾಗುತ್ತದೆ.

ಮಂಡಿನೋವಿದ್ದವರು ಸಂಕೋಚ ಬಿಟ್ಟು ಕುರ್ಚಿ ಕೇಳಿ. ನನಗೆ ಕೊಟ್ಟರು.

2. ಅಳತೆ ಕೇಳಿ, ಮನಸ್ಸಿನಲ್ಲೇ ಗುಣಿಸಿ

ಬ್ರಿಟನ್ನಿನ ಮಾದರಿ ರೈಲುಗಳು ಹೆಚ್ಚಾಗಿ 1:76, ಅಂದರೆ ನಿಜದ ಎಪ್ಪತ್ತಾರನೇ ಒಂದು ಪಾಲು. ಯುರೋಪಿನ ಉಳಿದೆಡೆ, ಅಮೆರಿಕದಲ್ಲಿ 1:87. ಎರಡಕ್ಕೂ ಹಳಿಗಳ ನಡುವಿನ ಅಂತರ ಒಂದೇ, 16.5 ಮಿಲಿಮೀಟರ್. ಆದರೆ ಟ್ಯಾಂಕು, ಫಿರಂಗಿ, ಸಿಪಾಯಿಗಳ ಮಾದರಿ ಮಾಡುವವರದು ಬೇರೆಯೇ ಜಾತಿ. ಅವರ ಕುಲದೇವರು 1:35, ನಮ್ಮ ಮೇಜಿನದೂ ಅದೇ.

ಈ ವಿಚಿತ್ರ ಅಂಕಿ ಬಂದ ಕಥೆ ತಮಾಷೆಯದು. 1960ರ ದಶಕದ ಆರಂಭದಲ್ಲಿ ಜಪಾನಿನ ಶಿಜುಒಕಾದ ತಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಆಟಿಕೆ ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿದರು. ಆಮೇಲೆ ಅಳೆದು ನೋಡಿದರೆ ಹತ್ತಿರಹತ್ತಿರ ಮೂವತ್ತೈದನೇ ಒಂದು ಪಾಲು. ಬ್ಯಾಟರಿಯ ಗಾತ್ರ ಲೋಕದ ಅಳತೆಯಾಗಿಬಿಟ್ಟಿತು. ಆರಡಿಯ ಆಳು ಇಲ್ಲಿ ನಿಮ್ಮ ಹೆಬ್ಬೆರಳಿಗಿಂತ ಚೂರು ಗಿಡ್ಡ. ಮೀಸೆ ಕಾಣುತ್ತದೆ, ಗುಂಡಿ ಕಾಣುತ್ತದೆ, ಬಿಚ್ಚಿದ ಬೂಟಿನ ದಾರವೂ ಕಾಣುತ್ತದೆ. ಹಾಗಾಗಿ ಮಾಡಿದವರು ಯಾವುದರಿಂದಲೂ ತಪ್ಪಿಸಿಕೊಳ್ಳುವಂತಿಲ್ಲ.

ದೊಡ್ಡ ಅಳತೆಯಲ್ಲಿ ಜಾಗ ಮಾತ್ರ ಚಿಕ್ಕದಾಗುತ್ತದೆ. ಆ ನಾಲ್ಕು ಮೀಟರ್ ಮೇಜು ನಿಜದಲ್ಲಿ 140 ಮೀಟರ್. ನಮ್ಮ ಮಂಡ್ಯ ಸ್ಟೇಷನ್ನಿನ ಪ್ಲಾಟ್‌ಫಾರಮ್ಮೂ ಅದರಲ್ಲಿ ಪೂರ್ತಿ ಹಿಡಿಸಲಾರದು. ಊರು, ಕೋಟೆ, ರಣರಂಗ ಎಲ್ಲ ತೋರಿಸುತ್ತೇನೆ ಅಂತ ಹೊರಟವನು ಈ ಅಳತೆ ಹಿಡಿದರೆ ಕೆಟ್ಟ. ಒಂದು ಮೂಲೆ ಸಾಕು ಅಂದುಕೊಂಡವನಷ್ಟೇ ಗೆಲ್ಲುತ್ತಾನೆ.

3. ಅರ್ಧ ಮಿಲಿಮೀಟರ್ ಮನ್ನಿಸಿ

ಆ ಗುಬ್ಬಚ್ಚಿ ರೈಲಿನ ನಿಜವಾದ ಗೇಜು 60 ಸೆಂಟಿಮೀಟರ್. ಮೂವತ್ತೈದರಿಂದ ಭಾಗಿಸಿದರೆ 17 ಮಿಲಿಮೀಟರಿಗೆ ಒಂದು ಕೂದಲೆಳೆ ಹೆಚ್ಚು. ಅಂಗಡಿಯಲ್ಲಿ ಸಿಗುವುದು 16.5ರ ಹಳಿ. ನಗರದ ಪ್ರಯಾಣಿಕರ ರೈಲಿಗೆಂದು ಮಾಡಿದ ಅದೇ ಹಳಿಯನ್ನು ತಂದು ಕೆಸರಲ್ಲಿ ಹೂತರೆ ಯುದ್ಧದ ಹಳಿ. ವ್ಯತ್ಯಾಸ ಅರ್ಧ ಮಿಲಿಮೀಟರ್ ಚಿಲ್ಲರೆ. ಸ್ಕೇಲು ಹಿಡಿದು ಬಂದು ಇದನ್ನು ಎತ್ತಿ ಆಡುವವರು ಪ್ರತಿ ಪ್ರದರ್ಶನದಲ್ಲೂ ಒಬ್ಬರಿರುತ್ತಾರೆ. ನೀವು ಆ ಒಬ್ಬರಾಗಬೇಡಿ.

4. ಭಾರ ಎಲ್ಲಿ ಕೂತಿದೆ, ಹುಡುಕಿ

ಹದಿಮೂರರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವ ತಾಳ್ಮೆ ಇದ್ದರೆ ಇದನ್ನು ಇಟ್ಟುಕೊಳ್ಳಿ.

ಉದ್ದ, ಅಗಲ, ಎತ್ತರ ಮೂರನ್ನೂ 35 ಪಟ್ಟು ಕುಗ್ಗಿಸಿದರೆ ಭಾರ ಕುಗ್ಗುವುದು 35 ಪಟ್ಟಲ್ಲ, 42,875 ಪಟ್ಟು. ಆ ಹಳಿಯ ಮೇಲೆ ಓಡುತ್ತಿದ್ದ ಬಾಲ್ಡ್ವಿನ್ ಉಗಿ ಎಂಜಿನ್ನು ನಿಜದಲ್ಲಿ ಹದಿನಾಲ್ಕೂವರೆ ಟನ್ನು. ಕಬ್ಬಿಣದಲ್ಲೇ ಅಚ್ಚುಕಟ್ಟಾಗಿ ಕುಗ್ಗಿಸಿ ಮಾಡಿದರೂ ಅದರ ಮಾದರಿ ತೂಗುವುದು ಸುಮಾರು 340 ಗ್ರಾಂ, ಕಾಲು ಕಿಲೋ ಕಾಫಿಪುಡಿ ಪೊಟ್ಟಣಕ್ಕಿಂತ ಕೊಂಚ ಜಾಸ್ತಿ. ಪ್ಲಾಸ್ಟಿಕ್ಕಿನದಾದರೆ ಅಷ್ಟೂ ಇಲ್ಲ. ಬಣ್ಣ ಕುಗ್ಗುತ್ತದೆ, ಆಕಾರ ಕುಗ್ಗುತ್ತದೆ. ಭಾರ ಮಾತ್ರ ಕುಗ್ಗುವ ಬದಲು ಆವಿಯಾಗಿ ಹೋಗುತ್ತದೆ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಅಂತ ಗಾದೆ ಸಮಾಧಾನ ಹೇಳಿತು. ಮಾದರಿ ಮಾಡುವವನ ಕಷ್ಟವೆಂದರೆ ಅವನು ಇರುವೆಯ ಬೆನ್ನ ಮೇಲೆ ಆನೆಯ ಭಾರವನ್ನೇ ತೋರಿಸಬೇಕು.

ಹೇಗೆ ತೋರಿಸುತ್ತಾನೆ? ಹಳಿಯ ಎರಡು ತುಂಡು ಸೇರುವ ಕಡೆ ನೋಡಿ: ಅಲ್ಲಿ ನೆಲ ತುಸು ಕುಸಿದು, ನೀರು ಒಸರಿ ನಿಂತಿರಬೇಕು. ಸ್ಲೀಪರುಗಳು ಎಲ್ಲ ಒಂದೇ ಮಟ್ಟದಲ್ಲಿದ್ದರೆ ಆ ಹಳಿಯ ಮೇಲೆ ಯಾವ ಗಾಡಿಯೂ ಹೋಗಿಲ್ಲ ಅಂತಲೇ ಅರ್ಥ. ಮರಳುಚೀಲದ ಅಟ್ಟಿಯಲ್ಲಿ ಕೆಳಗಿನ ಚೀಲ ಚಪ್ಪಟೆಯಾಗಿ ಬದಿಗೆ ಉಬ್ಬಿರಬೇಕು, ಮೇಲಿನದು ದುಂಡಗಿರಬೇಕು. ಸರಪಳಿ ತನ್ನ ಭಾರಕ್ಕೆ ತಾನೇ ಬಾಗಿ ಜೋತುಬೀಳಬೇಕು. ದಾರದಂತೆ ಗಾಳಿಯಲ್ಲಿ ನಿಂತರೆ ಅದು ದಾರವೇ. ಫಿರಂಗಿ ಗುಂಡು ಎತ್ತಿದವನ ಸೊಂಟ ಹಿಂದಕ್ಕೆ, ಮಂಡಿ ಮುಂದಕ್ಕೆ. ಬಿಂದಿಗೆ ಹೊತ್ತವರನ್ನು ನೋಡಿದ ಕಣ್ಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊಮ್ಮಗನ ಗುಟ್ಟು ಬಯಲಾದದ್ದು ಇಲ್ಲೇ. ತುಂಬಿದ ಗಾಡಿಯ ಸ್ಪ್ರಿಂಗಿನ ಪಟ್ಟಿಗಳು ಚಪ್ಪಟೆಯಾಗಿದ್ದವು, ಖಾಲಿಯದರಲ್ಲಿ ಬಿಲ್ಲಿನಂತೆ ಬಾಗಿದ್ದವು. ವ್ಯತ್ಯಾಸ ಅಕ್ಕಿಕಾಳಿನ ದಪ್ಪವೂ ಇಲ್ಲ. ಆ ಮೇಜಿನ ಮಾದರಿ ಮಾಡಿದ ಹಿರಿಯರು ಎರಡು ನಮೂನೆಯ ಸ್ಪ್ರಿಂಗನ್ನು ಬೇರೆಬೇರೆ ಮಾಡಿ ಹಾಕಿದ್ದರು. "ಇದುವರೆಗೆ ಯಾರೂ ಗಮನಿಸಿರಲಿಲ್ಲ" ಅಂದರು. ಎಂಟು ವರ್ಷದ ಹುಡುಗನ ಕಣ್ಣು ನೇರ ಗಾಡಿಯ ಗಾಲಿಯ ಮಟ್ಟಕ್ಕಿತ್ತು. ಒಂದನೇ ಸೂತ್ರವನ್ನು ಮತ್ತೊಮ್ಮೆ ಓದಿ.

5. ಭಾರ ಕೈ ಬದಲಾಯಿಸುವ ಜಾಗದಲ್ಲಿ ನಿಲ್ಲಿ

ಇಡೀ ದೃಶ್ಯದ ಜೀವ ಅಲ್ಲಿರುತ್ತದೆ. ನಮ್ಮ ಮೇಜಿನಲ್ಲಿ ಅದು ಎರಡು ರೈಲುಗಳು ಪಕ್ಕಪಕ್ಕ ನಿಂತ ಜಾಗ. ಎಡಕ್ಕೆ ಸ್ಟ್ಯಾಂಡರ್ಡ್ ಗೇಜಿನ ದೊಡ್ಡ ವ್ಯಾಗನ್ನು. 1435 ಮಿಲಿಮೀಟರನ್ನು 35ರಿಂದ ಭಾಗಿಸಿದರೆ ಸರಿಯಾಗಿ 41. ಬಲಕ್ಕೆ ಅದರ ಅರ್ಧ ಎತ್ತರವೂ ಇಲ್ಲದ ಪುಟ್ಟ ಗಾಡಿ. ನಡುವೆ ಇಳಿಜಾರಾಗಿ ಎರಡು ಹಲಗೆ.

ಈ ಜಾಗ ಯಾಕೆ ಹುಟ್ಟಿತು ಅನ್ನುವುದು ಗೊತ್ತಿದ್ದರೆ ನೋಟಕ್ಕೆ ರುಚಿ ಬರುತ್ತದೆ. ಫ್ರೆಂಚರೂ ಜರ್ಮನ್ನರೂ 60 ಸೆಂಟಿಮೀಟರ್ ಗೇಜಿನ ಸೇನಾರೈಲನ್ನು ಯುದ್ಧಕ್ಕೆ ಮೊದಲೇ ಸಿದ್ಧಮಾಡಿ ಇಟ್ಟಿದ್ದರು. ಬ್ರಿಟಿಷರು ಲಾರಿ ಮತ್ತು ಕುದುರೆ ನಂಬಿ ಕೂತರು. 1916ರ ಸೋಮ್ ಕದನದಲ್ಲಿ ಮದ್ದುಗುಂಡು ಹೊತ್ತ ಲಾರಿಗಳ ಓಡಾಟಕ್ಕೆ ರಸ್ತೆಗಳೇ ಕಿತ್ತುಹೋದವು. ಆಗ ರೈಲ್ವೆ ಕಂಪನಿಯಲ್ಲಿ ಪಳಗಿದ್ದ ಎರಿಕ್ ಗೆಡ್ಡಿಸ್ ಅವರನ್ನು ಸಾಗಣೆಯ ಮೇಲಧಿಕಾರಿಯಾಗಿ ಕರೆಸಿದರು. 1917ರಲ್ಲಿ ಸಣ್ಣ ಹಳಿಗಳ ಬಲೆ ಹರಡಿತು. ಹಳಿ ಅಂದರೆ ಒಂದು ಮೀಟರಿಗೆ ಬರೀ ಹತ್ತು ಕಿಲೋ. ಉಕ್ಕಿನ ಸ್ಲೀಪರಿಗೆ ಮೊದಲೇ ಜೋಡಿಸಿದ ಏಣಿಯಂಥ ತುಂಡುಗಳನ್ನು ಆಳುಗಳೇ ಹೊತ್ತು ತಂದು ನೆಲದ ಮೇಲೆ ಹಾಸುತ್ತಿದ್ದರು. ಶೆಲ್ ಬಿದ್ದು ಹಾರಿಹೋಯಿತೋ, ಮತ್ತೊಂದು ಏಣಿ.

ಹೀಗೆ ಒಂದು ಗುಂಡಿನ ಪಯಣ: ಹಡಗಿನಿಂದ ದೊಡ್ಡ ರೈಲಿಗೆ, ಅದರಿಂದ ಸಣ್ಣ ರೈಲಿಗೆ, ಅದರಿಂದ ಹೇಸರಗತ್ತೆಯ ಬೆನ್ನಿಗೆ, ಕೊನೆಗೆ ಒಬ್ಬ ಮನುಷ್ಯನ ತೋಳಿಗೆ. ಪ್ರತಿ ಹಂತದಲ್ಲೂ ಹೊರುವವನು ಸಣ್ಣವನಾಗುತ್ತಾ ಹೋಗುತ್ತಾನೆ, ಹೊರೆ ಮಾತ್ರ ಅದೇ: ಹದಿನೆಂಟು ಪೌಂಡಿನ ಫಿರಂಗಿಯಾದರೆ ಗುಂಡೊಂದಕ್ಕೆ ಎಂಟು ಕಿಲೋ ಮೀರಿದ ಭಾರ. ನಾಲ್ಕು ಮೀಟರ್ ಮೇಜಿನಲ್ಲಿ ಎಡದಿಂದ ಬಲಕ್ಕೆ ಆ ಹಿರಿಯರು ಇದನ್ನೇ ಜೋಡಿಸಿದ್ದರು. ಎಡತುದಿಯಲ್ಲಿ ದೊಡ್ಡ ರೈಲು, ಬಲತುದಿಯಲ್ಲಿ ಗುಂಡೊಂದನ್ನು ಎದೆಗವಚಿ ಮೊಣಕಾಲುದ್ದ ಕೆಸರಲ್ಲಿ ನಿಂತ ಒಬ್ಬನೇ ಒಬ್ಬ. ಚಿತ್ರ ತೆಗೆದುಕೊಂಡು ಹೋಗುವವರಿಗೆ ಎಡತುದಿ ಮಾತ್ರ ಸಿಗುತ್ತದೆ.

6. ಎಂಜಿನ್ನು ಎಲ್ಲಿಯವರೆಗೆ ಬಂದಿದೆ, ನೋಡಿ

ಉಗಿ ಎಂಜಿನ್ನಿಗೆ ಹಗಲು ಹೊಗೆಯ ಕಾಟ, ರಾತ್ರಿ ಬೆಂಕಿಗೂಡಿನ ಹೊಳಪಿನ ಕಾಟ. ಶತ್ರುವಿನ ಫಿರಂಗಿಗೆ ಎರಡೂ ಕೈಬೀಸಿ ಕರೆದಂತೆ. ಹಾಗಾಗಿ ಉಗಿ ಎಂಜಿನ್ನು ಒಂದು ಹಂತದವರೆಗೆ ಬಂದು ಗಾಡಿಗಳನ್ನು ಬಿಟ್ಟು ಹಿಂದಿರುಗುತ್ತಿತ್ತು. ಮುಂದಕ್ಕೆ ಎಳೆಯುವುದು ಪೆಟ್ರೋಲಿನ ಸಿಂಪ್ಲೆಕ್ಸ್ ಟ್ರ್ಯಾಕ್ಟರು. 20 ಅಶ್ವಶಕ್ತಿಯದು, 40ರದು ಎರಡೂ ಇದ್ದವು. ದೊಡ್ಡದಕ್ಕೆ ಉಕ್ಕಿನ ಕವಚ ಹೊದಿಸಿದರೆ ಥೇಟ್ ತಗಡಿನ ಆಮೆ. ಸಿಪಾಯಿಗಳು ಕರೆಯುತ್ತಿದ್ದದ್ದೂ ಹಾಗೆಯೇ.

ಬಾಲ್ಡ್ವಿನ್ ಎಂಜಿನ್ನುಗಳನ್ನು ಬ್ರಿಟಿಷ್ ಸೇನೆ ಅಮೆರಿಕದಿಂದ ತರಿಸಿಕೊಂಡಿತು, ಒಟ್ಟು 495. ಕಿರಿದಾದ ಹಳಿ, ಎತ್ತರದ ಮೈ. ಹಾಗಾಗಿ ಮಗುಚಿಬೀಳುವುದರಲ್ಲಿ ಇವು ಹೆಸರುವಾಸಿ. ನಮ್ಮ ಮೇಜಿನ ಬಾಲ್ಡ್ವಿನ್ ಕೂಡ ಒಂದು ಕಡೆಗೆ ನೂಲಿನಷ್ಟು ವಾಲಿತ್ತು. ಚಾಲಕನ ಗೂಡಿಗೆ ಟಾರ್ಪಾಲು ಇಳಿಬಿಟ್ಟಿತ್ತು, ಅದರ ಅಂಚಿನಿಂದ ಕೆಂಡದ ಬೆಳಕು ಸೂಜಿಮೊನೆಯಷ್ಟು. ಬೇಕಿದ್ದರೆ ದೀಪಾವಳಿ ಮಾಡಬಹುದಿತ್ತು, ಮಾಡಿರಲಿಲ್ಲ.

7. ಓಡುವ ರೈಲಾದರೆ ಗೇಣು ಎಣಿಸಿ

ಯುದ್ಧದ ಹಳಿಯ ಮೇಲೆ ರೈಲು ತೆವಳುತ್ತದೆ. ಗಂಟೆಗೆ ಹತ್ತು ಕಿಲೋಮೀಟರ್ ಅಂದುಕೊಂಡರೆ ಈ ಅಳತೆಯಲ್ಲಿ ಸೆಕೆಂಡಿಗೆ ಎಂಟು ಸೆಂಟಿಮೀಟರ್. ಒಂದು ಗೇಣು ದಾಟಲು ಸುಮಾರು ಮೂರು ಸೆಕೆಂಡು ಬೇಕು. ಅದಕ್ಕಿಂತ ಬೇಗ ಓಡಿದರೆ ಅದು ಜಾತ್ರೆಯ ರೈಲು.

8. ಕೆಸರಿನ ಕುಲ ಕೇಳಿ

ನಾಟಿ ಗದ್ದೆಗೆ ಇಳಿದವರು ಇಲ್ಲಿ ಇಂಗ್ಲೆಂಡಿನ ಪಂಡಿತರಿಗಿಂತ ಒಂದು ಹೆಜ್ಜೆ ಮುಂದಿದ್ದೀರಿ, ಧೈರ್ಯವಾಗಿ ನೋಡಿ. ಕೆಸರು ಒಂದೇ ಬಣ್ಣದ್ದಲ್ಲ. ತುಳಿದದ್ದು ಕಪ್ಪು, ಒಣಗುತ್ತಿರುವುದು ಬೂದಿ, ಈಗಷ್ಟೇ ಬಗೆದದ್ದು ಬೇರೆಯೇ. ಬೂಟಿಗೆ ಮೆತ್ತಿದ್ದು ಕಾಲಿನೊಡನೆ ಮೇಲೇಳಬೇಕು.

ಫ್ಲಾಂಡರ್ಸಿನ ನೆಲ ಜಿಗುಟು ಜೇಡಿ. ಅಗೆದರೆ ಸ್ವಲ್ಪ ಕೆಳಗೇ ನೀರು. ರೈತರು ತಲೆಮಾರುಗಳಿಂದ ಕಾಲುವೆ ತೋಡಿ ಆ ನೀರನ್ನು ಹರಿಸಿ ಬದುಕಿದ್ದರು. ಫಿರಂಗಿಗಳು ಕಾಲುವೆಗಳನ್ನು ಪುಡಿಮಾಡಿದವು, 1917ರ ಆಗಸ್ಟಿನಲ್ಲಿ ಮಳೆ ಹಿಡಿಯಿತು. ಜುಲೈ 31ರಿಂದ ನವೆಂಬರ್ 10ರವರೆಗೆ ನಡೆದ ಪಾಶೆಂಡೇಲ್ ಕದನ ಶತ್ರುವಿನೊಡನೆ ಎಷ್ಟೋ ಈ ಕೆಸರಿನೊಡನೆಯೂ ಅಷ್ಟೇ.

ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಶೆಲ್ ಬಿದ್ದ ಗುಂಡಿಗಳಲ್ಲಿ ನಿಂತ ನೀರಿನ ಮಟ್ಟ ನೋಡಿ. ಸಮತಟ್ಟಾದ ಜೌಗಿನಲ್ಲಿ ಅಕ್ಕಪಕ್ಕದ ಗುಂಡಿಗಳ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಬಾವಿ ತೋಡಿದ ಯಾರಿಗೂ ಗೊತ್ತಿರುವ ಮಾತು. ಒಂದು ಗುಂಡಿ ತುಂಬಿ ತುಳುಕುತ್ತಾ ಪಕ್ಕದ್ದು ಅರ್ಧಕ್ಕೇ ನಿಂತಿದ್ದರೆ, ಮಾಡಿದವರು ಗುಂಡಿಗಳನ್ನು ಒಂದೊಂದಾಗಿ ಯೋಚಿಸಿದ್ದಾರೆ, ನೆಲವನ್ನು ಯೋಚಿಸಿಲ್ಲ.

ಕೆಂಪು ಗಸಗಸೆ ಹೂವು ಕಂಡರೆ ಮಾತ್ರ ನನಗೆ ತಾಳ್ಮೆ ತಪ್ಪುತ್ತದೆ. ಮೊದಲ ಮಹಾಯುದ್ಧ ಅಂದರೆ ಸಾಕು, ನವೆಂಬರಿನ ಕೊರೆಯುವ ಕೆಸರಲ್ಲೂ ಅದನ್ನು ನೆಟ್ಟುಬಿಡುತ್ತಾರೆ. ಆ ಹೂವು ಅರಳುವುದು ಬೇಸಿಗೆಯಲ್ಲಿ. ನಮ್ಮ ಮೇಜಿನಲ್ಲಿ ಒಂದೂ ಇರಲಿಲ್ಲ. ಆ ಒಂದು ಕಾರಣಕ್ಕೇ ಹಿರಿಯರ ಕೈಕುಲುಕಬೇಕು ಅನ್ನಿಸಿತು.

9. ತುಕ್ಕಿಗೂ ನಡತೆ ಇದೆ

ಓಡಾಟವಿರುವ ಹಳಿಯ ನೆತ್ತಿ ಹೊಳೆಯುತ್ತದೆ, ಪಕ್ಕೆಗಳಿಗೆ ತುಕ್ಕು. ನೆತ್ತಿಯ ಮೇಲೂ ತುಕ್ಕಿದ್ದರೆ ಆ ಸೈಡಿಂಗಿಗೆ ವಾರಗಳಿಂದ ಗಾಡಿ ಬಂದಿಲ್ಲ. ಬ್ರೇಕಿನ ಹಿಡಿ, ಏರುವ ಮೆಟ್ಟಿಲಿನ ಅಂಚು, ಬಾಗಿಲ ಚಿಲಕ ಇವು ಕೈಕಾಲು ತಾಗಿ ನಯವಾಗಿರುತ್ತವೆ. ಇಡೀ ಗಾಡಿಗೆ ಒಂದೇ ಸಮ ತುಕ್ಕು ಸುರಿದಿದ್ದರೆ ಅದು ಸಾಂಬಾರಿಗೆ ಹುಣಸೆಹುಳಿ ಹೆಚ್ಚಾದ ಹಾಗೆ.

10. ತಪ್ಪು ಹುಡುಕಿ, ಆದರೆ ಬಾಯಿಗೆ ಬೀಗ ಹಾಕಿ

ಪಕ್ಕದ ಮೇಜು ಇನ್ನೊಂದು ಯುದ್ಧದ್ದು, ಅಳತೆ ಅದೇ. ಜರ್ಮನಿಯ ರೈಲ್ವೆಯ 52ನೇ ವರ್ಗದ ಎಂಜಿನ್ನು. ಯುದ್ಧದ ಅವಸರಕ್ಕೆಂದೇ 1942ರಿಂದ ಆರು ಸಾವಿರಕ್ಕೂ ಹೆಚ್ಚು ತಯಾರಾದ, ಅಲಂಕಾರವನ್ನೆಲ್ಲ ಕಿತ್ತೆಸೆದ ಯಂತ್ರ. ಮಾದರಿಯೇ ಅರವತ್ತೈದು ಸೆಂಟಿಮೀಟರ್ ಉದ್ದ. ಹಿಂದೆ ಆರು ಅಚ್ಚಿನ ಭಾರೀ ವ್ಯಾಗನ್ನು, ಅದರ ಮೇಲೆ ಟೈಗರ್ ಟ್ಯಾಂಕು.

ನಿಜದ ಟೈಗರು 57 ಟನ್ನು. ಭಾರಕ್ಕಿಂತ ರೈಲಿನವರಿಗೆ ತಲೆನೋವಾದದ್ದು ಅಗಲ. ಕದನಕ್ಕೆ ಹಾಕುತ್ತಿದ್ದ ಚೈನು 725 ಮಿಲಿಮೀಟರ್ ಅಗಲ. ಅದರೊಡನೆ ವ್ಯಾಗನ್ನಿಗೇರಿಸಿದರೆ ಎರಡೂ ಕಡೆ ಹೊರಚಾಚಿ, ಎದುರು ಬರುವ ರೈಲಿಗೋ ಸುರಂಗದ ಗೋಡೆಗೋ ತಾಗುವ ಭಯ. ಆದ್ದರಿಂದ ರೈಲಿಗೇರಿಸುವ ಮುನ್ನ ಹೊರಗಿನ ಸಾಲಿನ ಚಕ್ರಗಳನ್ನು ಬಿಚ್ಚಿ, 520 ಮಿಲಿಮೀಟರಿನ ಕಿರಿದಾದ ಚೈನು ತೊಡಿಸುತ್ತಿದ್ದರು. ಇಳಿದಮೇಲೆ ಮತ್ತೆ ಅಗಲದ್ದು. ಟನ್ನುಗಟ್ಟಲೆ ಉಕ್ಕನ್ನು ಚಪ್ಪಲಿ ಬದಲಾಯಿಸಿದಂತೆ ಬದಲಾಯಿಸುವ ಈ ಕೆಲಸ ನೆನೆದರೇ ನನಗೆ ಸೊಂಟ ಹಿಡಿಯುತ್ತದೆ.

ಆ ಮೇಜಿನ ಟೈಗರು ಅಗಲದ ಚೈನಿನಲ್ಲೇ ವ್ಯಾಗನ್ನೇರಿತ್ತು. ನನ್ನ ನಾಲಿಗೆ ತುರಿಸಿತು. ಅದನ್ನು ಮಾಡಿದವನು ಇಪ್ಪತ್ತರ ಹುಡುಗ, ಪಕ್ಕದಲ್ಲೇ ಆಸೆಗಣ್ಣಿನಿಂದ ನಿಂತಿದ್ದ. ಹೇಳಬೇಕೆಂದಿದ್ದನ್ನು ತಿರುವಿಹಾಕಿ, "ಇದು ತುಂಬ ಅವಸರದ ಪಯಣ ಇರಬೇಕು, ಅಲ್ಲವೇ?" ಅಂದೆ. ಹುಡುಗನ ಮುಖ ಅರಳಿತು. ರಣರಂಗದ ಹತ್ತಿರ, ಚೈನು ಬದಲಾಯಿಸಲು ಹೊತ್ತಿಲ್ಲದೆ ಹಾಗೇ ಸಾಗಿಸಿದ ಹಳೆಯ ಚಿತ್ರವೊಂದನ್ನು ಫೋನಿನಲ್ಲಿ ತೆಗೆದು ತೋರಿಸಿದ. ಅದನ್ನೇ ನೋಡಿ ಮಾಡಿದ್ದನಂತೆ. ತಪ್ಪು ನನ್ನದಾಗಿತ್ತು. ಬಾಯಿಬಿಟ್ಟಿದ್ದರೆ ಎಲ್ಲರೆದುರು ಬಿದ್ದುಹೋಗುತ್ತಿದ್ದೆ.

ಆ ಮೇಜಿನ ಮುಂದೆ ಇನ್ನೂ ಒಂದು ಕಾರಣಕ್ಕೆ ಮಾತು ಕಡಿಮೆಯಾಯಿತು. ಇದೇ ರೈಲ್ವೆ, ಇದೇ ಸಿಬ್ಬಂದಿ, ಇಂಥವೇ ಸರಕು ಗಾಡಿಗಳಲ್ಲಿ ಯೆಹೂದಿಗಳನ್ನು ತುಂಬಿ ಸಾವಿನ ಶಿಬಿರಗಳಿಗೆ ಸಾಗಿಸಿತು. ರಿವೆಟ್ಟುಗಳ ಸೊಗಸು ನೋಡುತ್ತಾ ಇದನ್ನು ಮರೆಯುವುದು ಸುಲಭ. ಮೆಚ್ಚುಗೆಯ ಗಾಡಿಗೂ ಬ್ರೇಕಿರಲಿ.

11. ಯಾರು ಎತ್ತುತ್ತಿದ್ದಾರೆ, ಯಾರು ಕಾಣುತ್ತಿಲ್ಲ

ಭಾರದ ಹಿಂದೆ ಹೊರಟವರು ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೇ. ಪೆಟ್ಟಿಗೆಯಲ್ಲಿ ಸಿಗುವ ಸಿಪಾಯಿ ಗೊಂಬೆಗಳೆಲ್ಲ ಹೆಚ್ಚಾಗಿ ಬಿಳಿಯರು. ಬಂದೂಕು ಹಿಡಿದವರು ಹೆಚ್ಚು, ಗುದ್ದಲಿ ಹಿಡಿದವರು ಕಡಿಮೆ. ಆದರೆ 1917ರ ಫ್ರಾನ್ಸಿನಲ್ಲಿ ಹಳಿ ಹಾಸಿದ, ಹಡಗು ಇಳಿಸಿದ, ಕಲ್ಲು ಒಡೆದ ಕೈಗಳಲ್ಲಿ ಬೇರೆ ಬಣ್ಣದವೂ ಇದ್ದವು. ಬ್ರಿಟಿಷರಿಗಾಗಿ ದುಡಿದ ಚೀನೀ ಕಾರ್ಮಿಕರು ತೊಂಬತ್ತು ಸಾವಿರದ ಮೇಲೆ. ಭಾರತದಿಂದ ಹೋದ ಲೇಬರ್ ಕೋರಿನವರು ಸುಮಾರು ಐವತ್ತು ಸಾವಿರ: ಮಣಿಪುರ, ಲುಷಾಯಿ ಬೆಟ್ಟ, ನಾಗಾ ಬೆಟ್ಟ, ಖಾಸಿ ಬೆಟ್ಟ, ಛೋಟಾ ನಾಗಪುರದ ಆದಿವಾಸಿಗಳು, ಇನ್ನೂ ಎಷ್ಟೋ ಜನ. ಸಮುದ್ರವನ್ನೇ ಕಾಣದವರು ಸಮುದ್ರ ದಾಟಿ ಮಂಜಿನ ನಾಡಿನಲ್ಲಿ ಹೊರೆ ಹೊತ್ತರು.

ಹಿರಿಯರನ್ನು ಕೇಳಿಯೇಬಿಟ್ಟೆ: "ಇಲ್ಲಿ ನಮ್ಮವರು ಯಾರೂ ಇಲ್ಲವೇ?" ಅವರು ಮಾತಾಡದೆ ಎದ್ದು, ನನ್ನನ್ನು ಮೇಜಿನ ಹಿಂಬದಿಗೆ, ಜನ ಹೋಗದ ಕಡೆಗೆ ಕರೆದೊಯ್ದರು. ದೊಡ್ಡ ವ್ಯಾಗನ್ನಿನ ಮರೆಯಲ್ಲಿ ಮೂವರು, ದೊಗಲೆ ಕೋಟು, ತಲೆಗೆ ಸುತ್ತಿದ ಬಟ್ಟೆ. ಮೂವರೂ ನಮಗೆ ಬೆನ್ನು ಹಾಕಿ ಹಳಿಯ ಏಣಿಯೊಂದನ್ನು ಎತ್ತುತ್ತಿದ್ದರು.

"ಬೆನ್ನು ಯಾಕೆ?"

"ಈ ಗೊಂಬೆಗಳು ಅಂಗಡಿಯಲ್ಲಿ ಸಿಗುವುದಿಲ್ಲ, ನಾನೇ ಕೆತ್ತಬೇಕಾಯಿತು. ಮುಖ ಕೆತ್ತುವುದಕ್ಕೆ ಧೈರ್ಯ ಬರಲಿಲ್ಲ. ತಪ್ಪಾಗಿ ಕೆತ್ತಿಬಿಟ್ಟರೆ?"

ಆ ಉತ್ತರಕ್ಕೆ ನಾನು ಏನೂ ಹೇಳಲಿಲ್ಲ. ಇವತ್ತಿಗೂ ಅದು ಸರಿಯೋ ತಪ್ಪೋ ತೀರ್ಮಾನವಾಗಿಲ್ಲ. ಆ ಮೂವರ ಹೆಗಲು ಮಾತ್ರ ಭಾರಕ್ಕೆ ಸರಿಯಾಗಿ ಬಾಗಿತ್ತು.

12. ಊರಲ್ಲೇ ಕಣ್ಣು ಸಾಣೆ ಹಿಡಿಸಿ

ವಿಮಾನ ಹತ್ತಬೇಕಾಗಿಲ್ಲ. 1979ರಲ್ಲಿ ಶುರುವಾದ ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಹೋಗಿ, ಹಳೆಯ ಎಂಜಿನ್ನೊಂದರ ಪಕ್ಕ ಕಾಲು ಗಂಟೆ ಸುಮ್ಮನೆ ನಿಲ್ಲಿ. ಗ್ರೀಸು ಎಲ್ಲಿ ಒಸರುತ್ತದೆ, ಮಸಿ ಎಲ್ಲಿ ಕೂರುತ್ತದೆ, ಬಣ್ಣ ಯಾವ ಅಂಚಿನಿಂದ ಏಳುತ್ತದೆ ನೋಡಿ. ಪುಣೆಯ ಕಡೆ ಹೋದರೆ ಕೋಥ್ರುಡ್‌ನಲ್ಲಿ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯವಿದೆ, 1998ರಿಂದ. ಸೇನೆಯ ವಿಶೇಷ ರೈಲು ನಿಮ್ಮ ಸ್ಟೇಷನ್ ದಾಟಿದರೆ ಫೋನು ಜೇಬಲ್ಲೇ ಇರಲಿ. ಟ್ಯಾಂಕನ್ನು ಕಟ್ಟಿದ ಸರಪಳಿ ಎಷ್ಟು ಬಿಗಿ, ಚೈನಿನ ಅಡಿಗೆ ಮರದ ಅಡ್ಡೆ ಹೇಗೆ ಕೊಟ್ಟಿದ್ದಾರೆ, ಅಷ್ಟು ಕಣ್ತುಂಬಿಕೊಳ್ಳಿ.

ನನ್ನದೊಂದು ಹಳೆಯ ಆಸೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1944ರ ಮಾರ್ಚ್ 1ರಂದು ಅಮೆರಿಕದ ಸೇನೆಯ ರೈಲು ದಳ ಬಂಗಾಳ–ಅಸ್ಸಾಂ ರೈಲ್ವೆಯ ಮೀಟರ್ ಗೇಜ್ ದಾರಿಯನ್ನು ನಡೆಸಲು ಕೈಗೆತ್ತಿಕೊಂಡಿತು. ಬರ್ಮಾ, ಚೀನಾ ಕಡೆಯ ಯುದ್ಧಕ್ಕೆ ಸರಕು ಹೋಗುತ್ತಿದ್ದ ದಾರಿ ಅದು. ಅಮೀನಗಾಂವ್ ಮತ್ತು ಪಾಂಡು ನಡುವೆ ಬ್ರಹ್ಮಪುತ್ರೆಗೆ ಸೇತುವೆಯಿರಲಿಲ್ಲ. ವ್ಯಾಗನ್ನುಗಳನ್ನು ದೋಣಿಗೇರಿಸಿ ದಾಟಿಸುತ್ತಿದ್ದರು. ಭಾರ ಹಳಿಯಿಂದ ನೀರಿಗೆ ಇಳಿಯುವ ಜಾಗ! ನಮ್ಮ ನಾಡಿನ ಅರ್ಧ ಊರುಗಳನ್ನು ಬೆಳೆಸಿದ ಮೀಟರ್ ಗೇಜು ಈ ಅಳತೆಯಲ್ಲಿ 28.6 ಮಿಲಿಮೀಟರ್. ಹಳಿಯನ್ನು ಕೈಯಲ್ಲೇ ಮಾಡಬೇಕು. ಬೆಂಗಳೂರಿನ ಯಾವುದಾದರೂ ಎಂಜಿನಿಯರು ವರ್ಕ್ ಫ್ರಮ್ ಹೋಮಿನ ನಡುವೆ ಇದಕ್ಕೆ ಕೈಹಾಕಬಾರದೇ?

13. ಬರಿಗೈಯಲ್ಲಿ ಮೆಚ್ಚಬೇಡಿ

"ಎಷ್ಟು ವರ್ಷ ಹಿಡಿಯಿತು?", "ಎಷ್ಟು ಖರ್ಚಾಯಿತು?" ಈ ಎರಡು ಪ್ರಶ್ನೆಯನ್ನು ಅವರು ಬೆಳಗಿನಿಂದ ನೂರು ಸಲ ಕೇಳಿರುತ್ತಾರೆ. ಅದರ ಬದಲು ನೀವು ಕಂಡ ಒಂದೇ ಒಂದು ಸಣ್ಣ ಸಂಗತಿ ಹೇಳಿ. ಆಮೇಲೆ ನಿಮ್ಮ ಕಡೆಯದೇನಾದರೂ ಕೊಡಿ, ಅವರಿಗೆ ಗೊತ್ತಿರದಂಥದ್ದು.

ನಮ್ಮ ಮೇಜಿನ ಬಾಲ್ಡ್ವಿನ್ನಿನ ಮೈಮೇಲೆ 778 ಅಂತ ಬರೆದಿತ್ತು. ಅದು ನಿಜವಾದ ಎಂಜಿನ್ನಿನ ಸಂಖ್ಯೆ. 1917ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಗುಂಡು ಹೊತ್ತು, ಯುದ್ಧ ಮುಗಿದಮೇಲೆ ಭಾರತಕ್ಕೆ ಬಂದು, ಉತ್ತರ ಪ್ರದೇಶದ ಸಕ್ಕರೆ ಕಾರ್ಖಾನೆಯೊಂದರಲ್ಲಿ ದಶಕಗಟ್ಟಲೆ ದುಡಿದು, ಕೊನೆಗೆ ಇಂಗ್ಲೆಂಡಿನ ಲೇಟನ್ ಬಝರ್ಡಿನ ಪುಟ್ಟ ರೈಲ್ವೆ ಸೇರಿದೆ. ಹಿರಿಯರಿಗೆ ಇದೆಲ್ಲ ಬಾಯಿಪಾಠ. "ಆದರೆ ಕಬ್ಬು ತುಂಬಿದ ಗಾಡಿ ಹೇಗಿರುತ್ತದೆ ಅಂತ ಇವತ್ತಿಗೂ ಗೊತ್ತಿಲ್ಲ" ಅಂದರು.

ಮಂಡ್ಯದ ಕಡೆಯವನನ್ನು ಕೇಳುವ ಪ್ರಶ್ನೆಯೇ ಇದು! ಜಲ್ಲೆಗಳನ್ನು ಹೊರೆ ಕಟ್ಟಿ ಹೇಗೆ ಒಟ್ಟುತ್ತಾರೆ, ಗಾಡಿಯ ಅಂಚು ಮೀರಿ ಎಷ್ಟು ಹೊರಚಾಚುತ್ತದೆ, ಸೋಗೆ ಹೇಗೆ ಹಿಂದೆ ಜೋಲಾಡುತ್ತದೆ, ಸ್ಕೂಲು ಬಿಟ್ಟ ಹುಡುಗರು ಹೇಗೆ ಹಿಂದೆ ಓಡಿ ಒಂದು ಜಲ್ಲೆ ಎಳೆದು ಗದ್ದೆ ಬದುವಿಗೆ ಹಾರುತ್ತಾರೆ, ಎಲ್ಲ ಹೇಳಿದೆ. ಎಳೆದವರಲ್ಲಿ ನಾನೂ ಒಬ್ಬ ಅನ್ನುವುದನ್ನು ಮೊಮ್ಮಗನ ಮುಂದೆ ಹೇಳಬಾರದಿತ್ತು, ಹೇಳಿಬಿಟ್ಟೆ. ಹಿರಿಯರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು.

"ಸ್ಪ್ರಿಂಗು?"

"ಚಪ್ಪಟೆಯದನ್ನೇ ಹಾಕಿ" ಅಂದ ಮೊಮ್ಮಗ, ನನಗಿಂತ ಮೊದಲು.

"ಒಂದು ಜಲ್ಲೆ ಎಷ್ಟುದ್ದ?"

"ಏಳಡಿ ಅಂತ ಇಟ್ಟುಕೊಳ್ಳಿ."

ಅವರು ಲೆಕ್ಕ ಹಾಕಿ ಆರು ಸೆಂಟಿಮೀಟರ್ ಅಂತ ಬರೆದುಕೊಂಡರು. ದಪ್ಪ? ಹೆಬ್ಬೆರಳಿಗಿಂತ ತುಸು ಹೆಚ್ಚು ಅಂತ ಬೆರಳು ತೋರಿಸಿದೆ. ಒಂದು ಮಿಲಿಮೀಟರಿಗೂ ಕಡಿಮೆ ಬಂತು. ಅಷ್ಟು ತೆಳ್ಳಗೆ, ಅಲ್ಲಲ್ಲಿ ಗೆಣ್ಣಿರುವಂಥ ಕಡ್ಡಿ ಎಲ್ಲಿ ಸಿಕ್ಕೀತು ಅಂತ ಅವರು ಸೂರು ನೋಡುತ್ತಾ ಕೂತರು. ಹುಡುಗ ನನ್ನ ಅಂಗಿ ಜಗ್ಗಿ ಕಿವಿಯಲ್ಲಿ ಏನೋ ಅಂದ.

ಪ್ರದರ್ಶನ ಭಾನುವಾರವೂ ಇತ್ತು. ಬೆಳಿಗ್ಗೆ ಎದ್ದಾಗ, ಮಗಳು ಊರಿಂದ ಆಸೆಪಟ್ಟು ತಂದಿಟ್ಟುಕೊಂಡಿದ್ದ ಹುಲ್ಲಿನ ಪೊರಕೆಯಲ್ಲಿ ಒಂದು ಹಿಡಿ ಕಡ್ಡಿ ಕಡಿಮೆಯಾಗಿತ್ತು.